ನಾರ್ಮನ್ನರು ಮಣ್ಣಿನ ಕೋಟೆ ಕಟ್ಟಿದ್ದು ಯಾಕೆ?

ನಾರ್ಮನ್ನರು (ಈಗಿನ ಫ್ರಾನ್ಸಿನ ನಾರ್ಮಂಡಿಯವರು) ಕಲ್ಲು ಬಿಟ್ಟು ಮಣ್ಣು, ಮರದಲ್ಲಿ ಕೋಟೆ ಕಟ್ಟಿದ್ದು ಯಾಕೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ ಅವಸರ. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ ದೊರೆ ವಿಲಿಯಂ ಕಡೆ ಇದ್ದವರು ಕಡಿಮೆ, ಎದುರು ನಿಂತವರು ಜಾಸ್ತಿ. ಕಲ್ಲಿನ ಕೋಟೆಗೆ ವರ್ಷಗಳೇ ಬೇಕು. ಕಂದಕ ತೋಡಿ, ಅದೇ ಮಣ್ಣನ್ನು ದಿಬ್ಬವಾಗಿ ಪೇರಿಸಿ, ಮೇಲೊಂದು ಮರದ ಗೋಪುರ ನಿಲ್ಲಿಸೋದು ಬೇಗ ಮುಗಿಯುತ್ತದೆ. ಅಗೆಯಲು ಸ್ಥಳೀಯರನ್ನೇ ದುಡಿಸಿಕೊಂಡರು.

ಇವು ಬರೀ ರಕ್ಷಣೆಗಲ್ಲ, ಊರನ್ನು ಹಿಡಿತದಲ್ಲಿಡಲು ಕೂಡ. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಕೋಟೆಗಾಗಿ 166 ಮನೆ ಹೋದವು ಅಂತ 1086ರ ಡೂಮ್ಸ್‌ಡೇ ದಾಖಲೆಯಲ್ಲೇ (ವಿಲಿಯಂ ಮಾಡಿಸಿದ ಭೂಮಿ-ಆಸ್ತಿ ಸಮೀಕ್ಷೆ) ಇದೆ. ಆ ಮನೆಯವರು ಎಲ್ಲಿಗೆ ಹೋದರೋ ಅನ್ನೋದು ನನ್ನನ್ನು ತುಂಬಾ ಕಾಡುತ್ತದೆ. ಹಾಗಂತ ಇವು ಅಭೇದ್ಯವೇನಲ್ಲ. ಉತ್ತರ ಇಂಗ್ಲೆಂಡಿನ ಯಾರ್ಕ್‌ನ ಎರಡು ಕೋಟೆಗಳೂ 1069ರಲ್ಲಿ ಡೇನರು (ಡೆನ್ಮಾರ್ಕಿನವರು) ಮತ್ತು ಬಂಡಾಯಗಾರರ ಕೈಗೆ ಸಿಕ್ಕಿ ಹಾಳಾದವು. ವಿಲಿಯಂ ಎರಡನ್ನೂ ಮತ್ತೆ ಕಟ್ಟಿಸಿದ.