ಅಪ್ಪನ ಪೋಸ್ಟಿಂಗ್ ಪರದೇಶಕ್ಕೆ, ಮಕ್ಕಳ ಕಾಗದಪತ್ರ ಯಾರ ಕೈಲಿ?

ಓದುಗರ ಪ್ರಶ್ನೆ – ತಿಳಿದವರ ಉತ್ತರ

ಹಾಸನ, ಚಿಕ್ಕಮಗಳೂರು ಕಡೆಯ ಸೈನಿಕ ಕುಟುಂಬಗಳಿಂದ ಬಂದ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸೈನಿಕನ ಕಾಗದಪತ್ರವನ್ನು ಯೂನಿಟ್ಟಿನ ಕಚೇರಿ ನೋಡಿಕೊಳ್ಳುತ್ತದೆ. ಮಕ್ಕಳದ್ದನ್ನು ಮನೆಯವರೇ ನೋಡಿಕೊಳ್ಳಬೇಕು, ಸಿಕ್ಕಿಬೀಳುವುದೂ ಅಲ್ಲೇ.

ಪ್ರಶ್ನೆ: ನಮ್ಮ ಯಜಮಾನರು ಹವಾಲ್ದಾರ್ ಕ್ಲರ್ಕ್. ಯುರೋಪಿನ ಒಂದು ಭಾರತೀಯ ರಾಯಭಾರ ಕಚೇರಿಯ ಡಿಫೆನ್ಸ್ ವಿಭಾಗಕ್ಕೆ ಪೋಸ್ಟಿಂಗ್ ಬಂದಿದೆ. ಮೂರು ತಿಂಗಳಿದೆ. ಮಗನ ಹೆಸರು ಜನನ ಪ್ರಮಾಣಪತ್ರದಲ್ಲಿ ‘ರಕ್ಷಿತ್ ಎ.ಎಂ.’, ಆಧಾರ್‌ನಲ್ಲಿ ‘ರಕ್ಷಿತ್’, ಶಾಲೆಯಲ್ಲಿ ‘ರಕ್ಷಿತ್ ಗೌಡ’. ನಾಲ್ಕು ವರ್ಷದ ಮಗಳ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ. ಎಲ್ಲಿಂದ ಶುರು ಮಾಡಲಿ? — ಅರಸೀಕೆರೆ

ಮಗಳಿಂದ ಶುರು ಮಾಡಿ. ನಾಮಕರಣಕ್ಕೆ ಮೊದಲೇ ಪ್ರಮಾಣಪತ್ರ ಬರೆಸಿದವರ ಮನೆಯಲ್ಲೆಲ್ಲ ಈ ಖಾಲಿ ಕಾಲಂ ಇರುತ್ತದೆ. ಜನನ ನೋಂದಣಿ ಆದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಹುಟ್ಟಿದ್ದು ಎಲ್ಲಿ ನೋಂದಣಿ ಆಗಿದೆಯೋ ಆ ಊರಿನ ಜನನ ನೋಂದಣಾಧಿಕಾರಿಗೇ ಅರ್ಜಿ ಕೊಡಬೇಕು. ತವರಿನಲ್ಲಿ ಹೆರಿಗೆ ಆಗಿದ್ದರೆ ತವರಿನ ಕಚೇರಿ. ಅರಸೀಕೆರೆಯಲ್ಲಿ ಸಾಲಿನಲ್ಲಿ ನಿಂತು ಪ್ರಯೋಜನವಿಲ್ಲ. ಹೆಸರು ಸೇರಿದ ಮೇಲೆ ರಾಜ್ಯದ ಜನನ ನೋಂದಣಿ ಜಾಲತಾಣ ಇ-ಜನ್ಮದ ಹೊಸ ಪ್ರತಿ ತೆಗೆದುಕೊಳ್ಳಿ. ಹಳೆಯ ಕೈಬರಹದ ಪ್ರತಿ ಬೇಡ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗಾದರೆ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ದಾಖಲೆ ಎಂದು ಜನನ ಪ್ರಮಾಣಪತ್ರ ಬಿಟ್ಟು ಬೇರೇನೂ ನಡೆಯುವುದಿಲ್ಲ.

ಮಗನ ವಿಷಯದಲ್ಲಿ ಮೂರು ಹೆಸರಲ್ಲಿ ಒಂದನ್ನು ಯಜಮಾನ ಮಾಡಬೇಕು. ಅದು ಜನನ ಪ್ರಮಾಣಪತ್ರದ ಹೆಸರೇ ಆಗಿರಲಿ. ಮೊದಲು ಆಧಾರ್ ಅದಕ್ಕೆ ಹೊಂದಲಿ, ಆಮೇಲೆ ಸೇನೆಯ ಪಾರ್ಟ್ ಟು ಆರ್ಡರ್, ಕೊನೆಗೆ ಪಾಸ್‌ಪೋರ್ಟ್. ಹೆಚ್ಚಿನವರು ಪಾರ್ಟ್ ಟು ಆರ್ಡರನ್ನೇ ಮರೆಯುತ್ತಾರೆ. ಮಗು ಹುಟ್ಟಿದ್ದು ಸೇವಾ ದಾಖಲೆಗೆ ಸೇರುವುದು ಆ ಆದೇಶದ ಮೂಲಕ. ಅದರಲ್ಲಿ ಹೆಸರಿನ ಒಂದಕ್ಷರ ಅಥವಾ ಹುಟ್ಟಿದ ದಿನ ತಪ್ಪಿದ್ದರೆ ಆ ಮಗು ಅವಲಂಬಿತ ಎಂಬುದಕ್ಕೇ ತಕರಾರು ಏಳುತ್ತದೆ, ವಿಮಾನದ ಟಿಕೆಟ್ಟಿನಿಂದ ಶಾಲೆಯ ಶುಲ್ಕದವರೆಗೆ ಎಲ್ಲಕ್ಕೂ. ತಿದ್ದುಪಡಿ ಯೂನಿಟ್ಟಿನಿಂದ ರೆಕಾರ್ಡ್ ಆಫೀಸಿಗೆ ಹೋಗಿ ಬರಬೇಕು, ವಾರಗಳು ಹಿಡಿಯುತ್ತವೆ. ನಿಮ್ಮವರಿಗೆ ಇವತ್ತೇ ಫೋನ್ ಮಾಡಿ, ಇಬ್ಬರು ಮಕ್ಕಳ ಪಾರ್ಟ್ ಟು ಆರ್ಡರಿನ ಪ್ರತಿ ತರಿಸಿಕೊಂಡು ಅಕ್ಷರ ಅಕ್ಷರ ತಾಳೆ ನೋಡಿ.

ಇನ್ನು ಇನಿಷಿಯಲ್. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ ಎಂಬ ನಮ್ಮ ಕಡೆಯ ಪದ್ಧತಿ ಪಾಸ್‌ಪೋರ್ಟಿಗೆ ಒಗ್ಗುವುದಿಲ್ಲ, ಅಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ‘ಎ.ಎಂ.’ ಎಂಬುದನ್ನು ‘ಅರಸೀಕೆರೆ ಮಂಜುನಾಥ’ ಎಂದು ಬಿಡಿಸಿ ಸರ್‌ನೇಮ್ ಕಾಲಂನಲ್ಲಿ ಹಾಕಿದರೆ ತಂಗಿಗೂ ಅದನ್ನೇ, ಅದೇ ಸ್ಪೆಲಿಂಗಿನಲ್ಲಿ ಹಾಕಿ. ಒಬ್ಬರಿಗೆ ‘ಮಂಜುನಾಥ’, ಇನ್ನೊಬ್ಬರಿಗೆ ‘ಮಂಜುನಾಥ್’ ಆದರೆ ಅಣ್ಣ ತಂಗಿ ಬೇರೆ ಮನೆಯವರಂತೆ ಕಾಣುತ್ತಾರೆ. ಸರ್‌ನೇಮ್ ಕಾಲಂ ಖಾಲಿ ಬಿಡುವ ಆಸೆ ಬೇಡ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರಿಂದ ಭೇಟಿ ವೀಸಾ ಕೊಡುತ್ತಿಲ್ಲ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ ಎಂಬ ಮೂರಕ್ಷರ ಬಂದು ಕೂರುತ್ತದೆ.

ಪಾಸ್‌ಪೋರ್ಟ್ ಯಾವುದು? ಸರ್ಕಾರಿ ಕೆಲಸದ ಮೇಲೆ ಹೋಗುವವರಿಗೂ ಜೊತೆಗೆ ಹೋಗುವ ಅವಲಂಬಿತರಿಗೂ ಬಿಳಿ ರಕ್ಷಾಪುಟದ ಅಧಿಕೃತ ಪಾಸ್‌ಪೋರ್ಟ್. ಅರ್ಜಿ ನಿಮ್ಮವರ ಕಚೇರಿಯ ಮುಖಾಂತರ ಹೋಗಬೇಕು. ಅವಸರಕ್ಕೆ ಬಿದ್ದು ಮಕ್ಕಳಿಗೆ ನೀಲಿ ಬಣ್ಣದ ಸಾಮಾನ್ಯ ಪಾಸ್‌ಪೋರ್ಟ್ ಮಾಡಿಸಿದರೆ ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತರುವ ಇನ್ನೊಂದು ಕೆಲಸ ಅಂಟಿಕೊಳ್ಳುತ್ತದೆ.

ಯುರೋಪಿನ ಕೆಲವು ದೇಶಗಳು ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಪರದೇಶದಲ್ಲಿ ಒಪ್ಪುವ ದೃಢೀಕರಣ, ಕೇಳುತ್ತವೆ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಎರಡೂ ಬೆಂಗಳೂರಿನಲ್ಲೇ ಆಗುತ್ತವೆ. ಒಂದು ಕಾಗದಕ್ಕೆ ಸರ್ಕಾರದ ಶುಲ್ಕ 50 ರೂಪಾಯಿ, ಮೇಲೆ ಏಜೆನ್ಸಿಯ ಸೇವಾಶುಲ್ಕ. ದಯವಿಟ್ಟು ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಹಾಕಿಸಬೇಡಿ. ಹಿಂಬದಿಗೆ ಸ್ಟಿಕ್ಕರ್ ಅಂಟಿಸಿ ಮೊಹರು ಒತ್ತಬೇಕಲ್ಲ, ಪ್ಲಾಸ್ಟಿಕ್ಕಿನ ಮೇಲೆ ಆಗದು. ಜೋಪಾನ ಮಾಡುತ್ತೇವೆಂದು ಕಾಗದ ಹಾಳು ಮಾಡಿಕೊಂಡವರು ಬೇಕಾದಷ್ಟು ಮಂದಿ.

ಹೊರಡುವ ಮುನ್ನ ಇನ್ನೊಂದು. ಐದು ತುಂಬಿದ ಮೇಲೆ ಬಾಲ ಆಧಾರ್‌ಗೆ ಬೆರಳಚ್ಚು ಕೊಡಬೇಕು, 15 ತುಂಬಿದಾಗ ಮತ್ತೊಮ್ಮೆ. ಮಗಳಿಗೆ ಐದಾಗುವುದು ಅಲ್ಲೇ. ಮೊದಲ ಸಲ ರಜೆಗೆ ಊರಿಗೆ ಬಂದಾಗ ಮಾಡಿಸಬೇಕೆಂದು ಈಗಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕಕ್ಕೆ ಹೊರಟಿದ್ದೇವೆ. ಐದು ವರ್ಷದ ಮಗನಿಗೆ ತಾಯಿ ಕಾರ್ಡಿನಲ್ಲಿರುವ ಎಲ್ಲ ಲಸಿಕೆ ಹಾಕಿಸಿದ್ದೇವೆ. ಅಲ್ಲಿನ ಶಾಲೆಗೆ ಅಷ್ಟು ಸಾಕೆ? — ಮೂಡಿಗೆರೆ

ಸಾಲದು. ತಾಯಿ ಕಾರ್ಡಿನ ಪ್ರಕಾರ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ಹಾಕುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಅಮೆರಿಕದ ಶಾಲೆಗಳು ಕೇಳುವುದು ಎಂಎಂಆರ್. ನಡುವಿನ ಆ ಒಂದು ‘ಎಂ’ ಮಂಪ್ಸ್, ನಾವು ಮಂಗನಬಾವು ಎನ್ನುವುದು. ಅದೂ ಚಿಕನ್‌ಪಾಕ್ಸ್ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. ಮಕ್ಕಳ ವೈದ್ಯರ ಬಳಿ ದುಡ್ಡು ಕೊಟ್ಟೇ ಹಾಕಿಸಬೇಕು.

ಇವೆರಡೂ ಜೀವಂತ ಲಸಿಕೆಗಳು. ಒಂದೇ ದಿನ ಬೇರೆ ಬೇರೆ ಕೈಗೆ ಹಾಕಿಸಿ, ಇಲ್ಲವೇ ನಡುವೆ 28 ದಿನ ಬಿಡಿ. ಇವತ್ತೊಂದು, ಹದಿನೈದು ದಿನ ಬಿಟ್ಟು ಮತ್ತೊಂದು ಹಾಕಿಸಿದರೆ ಎರಡನೆಯದನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಗುವಿಗೆ ಮತ್ತೆ ಚುಚ್ಚುತ್ತಾರೆ. ಮೊದಲ ದಿನ ಎರಡೂ, ನಾಲ್ಕು ವಾರ ಕಳೆದು ಎಂಎಂಆರ್ ಎರಡನೇ ಡೋಸ್, ಮೂರು ತಿಂಗಳ ಹೊತ್ತಿಗೆ ಚಿಕನ್‌ಪಾಕ್ಸ್ ಎರಡನೇ ಡೋಸ್. ಕೊನೆಯದನ್ನು ಅಲ್ಲಿಗೆ ಹೋಗಿ ಹಾಕಿಸಿದರೂ ಸರಿ. ಐದನೇ ವರ್ಷದ ಡಿಪಿಟಿ ಬೂಸ್ಟರ್ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಸಿಗುತ್ತದೆ, ಅದನ್ನು ಬಿಡಬೇಡಿ.

ತಾಯಿ ಕಾರ್ಡನ್ನೇ ಹಿಡಿದುಕೊಂಡು ಹೋದರೆ ಅಲ್ಲಿನ ಶಾಲೆಯ ನರ್ಸಿಗೆ ಓದಲು ಬಾರದು. ಲಸಿಕೆಯ ಹೆಸರು, ಹಾಕಿದ ದಿನ, ತಿಂಗಳು, ವರ್ಷ ಇಂಗ್ಲಿಷಿನಲ್ಲಿ ಬರೆಸಿ, ವೈದ್ಯಾಧಿಕಾರಿಯ ಸಹಿ, ಮೊಹರು ಹಾಕಿಸಿ. ತಿಂಗಳನ್ನು ಅಕ್ಷರದಲ್ಲೇ ಬರೆಸಬೇಕು. ನಮ್ಮ 05-08 ಎಂದರೆ ಆಗಸ್ಟ್ 5, ಅಮೆರಿಕದವರಿಗೆ ಅದು ಮೇ 8. ಹುಟ್ಟಿದಾಗ ಹಾಕಿದ ಬಿಸಿಜಿಯನ್ನೂ ನಮೂದಿಸಿ. ಕ್ಷಯದ ಚರ್ಮ ಪರೀಕ್ಷೆಯಲ್ಲಿ ಕೈ ಊದಿದರೆ ಕಾರಣ ಹೇಳಲು ಬೇಕಾಗುತ್ತದೆ.

ಪ್ರಶ್ನೆ: ಆಗಸ್ಟಿನಲ್ಲಿ ಲಂಡನ್ನಿಗೆ ಹೋಗಬೇಕು, ಮೂರು ವರ್ಷದ ಅವಧಿ. ದೊಡ್ಡವಳು ಏಳನೇ ಕ್ಲಾಸು, ಚಿಕ್ಕವನು ಎರಡನೇ ಕ್ಲಾಸು. ವಾಪಸ್ ಬಂದಾಗ ವರ್ಷ ಹಾಳಾಗುತ್ತದೆಯೇ? — ಹಾಸನ

ಚಿಕ್ಕವನ ಚಿಂತೆ ಬಿಡಿ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ರ ವಯಸ್ಸು ನೋಡಿ ತರಗತಿ ಕೊಡುತ್ತಾರೆ, ಪರೀಕ್ಷೆ ಅಂಕ ನೋಡುವುದಿಲ್ಲ. ಏಳು ತುಂಬಿದವನು ‘ಇಯರ್ 3’ಕ್ಕೆ ಹೋಗುತ್ತಾನೆ. ಡಬಲ್ ಪ್ರಮೋಷನ್ ಎಂದು ಊರಲ್ಲಿ ಸಿಹಿ ಹಂಚಬೇಡಿ. ಅಲ್ಲಿನ ಅಂಕಿ ನಮ್ಮದಕ್ಕಿಂತ ಒಂದು ಮುಂದಿರುತ್ತದೆ, ಅಷ್ಟೇ. ಜುಲೈನಲ್ಲಿ ‘ಇಯರ್ 5’ ಮುಗಿಸಿ ಬಂದವನಿಗೆ ಇಲ್ಲಿ ಆಗಲೇ ಶುರುವಾಗಿರುವ ಐದನೇ ಕ್ಲಾಸೇ ಸರಿಯಾದ ಜಾಗ. ಆರಕ್ಕೆ ಸೇರಿಸಿ ಎಂದು ಜಗಳ ತೆಗೆದರೆ ಕಷ್ಟಪಡುವವನು ಅವನೇ.

ಕಷ್ಟ ದೊಡ್ಡವಳದು. ಲೆಕ್ಕ ಹಾಕಿ ನೋಡಿ. ಈ ಆಗಸ್ಟಿನಲ್ಲಿ ಹೋದರೆ ‘ಇಯರ್ 8’. ಮೂರು ವರ್ಷಕ್ಕೆ ‘ಇಯರ್ 10’ ಮುಗಿಯುತ್ತದೆ. ಅಲ್ಲಿನ ಜಿಸಿಎಸ್‌ಇ ಪರೀಕ್ಷೆ ‘ಇಯರ್ 11’ರ ಕೊನೆಗೆ, ಅಂದರೆ ಅದು ಕೈಗೆ ಸಿಗದು. ಇಲ್ಲಿಗೆ ಬಂದರೆ ಹತ್ತನೇ ಕ್ಲಾಸು ಶುರುವಾಗಿ ತಿಂಗಳುಗಳೇ ಆಗಿರುತ್ತವೆ. ಸಿಬಿಎಸ್‌ಇಯಲ್ಲಿ ಒಂಬತ್ತು, ಹತ್ತು ಸೇರಿ ಒಂದೇ ಕೋರ್ಸು, ನೋಂದಣಿ ಒಂಬತ್ತರಲ್ಲೇ ಆಗುತ್ತದೆ. ನೇರ ಹತ್ತಕ್ಕೆ ಸೇರಿಸಲು ಮಂಡಳಿಯ ಅನುಮತಿ ಬೇಕು. ಅಪ್ಪನ ವರ್ಗಾವಣೆ ಎಂಬ ಕಾರಣಕ್ಕೆ ಅನುಮತಿಗೆ ದಾರಿ ಇದೆ, ಆದರೆ ವರ್ಷದ ಪಾಠವನ್ನು ಆರೇಳು ತಿಂಗಳಲ್ಲಿ ಮುಗಿಸುವವಳು ಅವಳೇ ತಾನೆ?

ಎರಡು ದಾರಿಗಳಿವೆ. ಒಂದು, ಎರಡು ವರ್ಷಕ್ಕೇ, ‘ಇಯರ್ 9’ ಮುಗಿಯುತ್ತಿದ್ದ ಹಾಗೆ ಜುಲೈ ಹೊತ್ತಿಗೆ ಮಗಳನ್ನು ಕರೆತಂದು ಒಂಬತ್ತನೇ ಕ್ಲಾಸಿಗೆ ಸೇರಿಸುವುದು. ಇನ್ನೊಂದು, ಅವಧಿ ಒಂದು ವರ್ಷ ಮುಂದುವರಿಯುವುದು ಖಚಿತವಿದ್ದರೆ ಜಿಸಿಎಸ್‌ಇ ಮುಗಿಸಿಯೇ ಬರುವುದು. ಆಗ ಇಂಗ್ಲಿಷೂ ಸೇರಿ ಕನಿಷ್ಠ ಐದು ವಿಷಯದಲ್ಲಿ ಒಳ್ಳೆಯ ಗ್ರೇಡ್ ಇಟ್ಟುಕೊಂಡು, ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಹತ್ತನೇ ತರಗತಿಗೆ ಸಮಾನ ಎಂಬ ಪತ್ರ ಪಡೆದು ಪಿಯುಸಿಗೆ ಸೇರಬಹುದು. ಅವಧಿ ಮುಂದುವರಿದೀತು ಎಂಬ ನಂಬಿಕೆಯ ಮೇಲೆ ಎರಡನೆಯದನ್ನು ಆರಿಸಬೇಡಿ. ನಮ್ಮ ಮಾತು ಕೇಳಿದರೆ ಮೊದಲನೆಯದು, ಅಮ್ಮನೂ ಮಗಳೂ ಒಂದು ವರ್ಷ ಮುಂಚೆ ಬಂದುಬಿಡಿ.

ಟಿಸಿ ತೆಗೆದುಕೊಳ್ಳುವಾಗ ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ರುಜು ಹಾಕಿಸಿ, ಕಳೆದ ಮೂರು ವರ್ಷದ ಅಂಕಪಟ್ಟಿ ಇಟ್ಟುಕೊಳ್ಳಿ. ವಿದೇಶದಲ್ಲಿ ಕೇಂದ್ರೀಯ ವಿದ್ಯಾಲಯ ಇರುವುದು ಕಾಠ್ಮಂಡು, ಮಾಸ್ಕೋ, ಟೆಹರಾನ್ ಮೂರೇ ಕಡೆ, ಆದ್ದರಿಂದ ಲಂಡನ್ನಿಗೆ ಆ ಅನುಕೂಲವಿಲ್ಲ.

ಮುಂದೆ ಮಗಳು ಸಿಇಟಿ ಬರೆಯುವವಳಾದರೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಷರತ್ತು ಎದುರಾಗುತ್ತದೆ. ಹೊರಗೆ ಸೇವೆಯಲ್ಲಿರುವ ರಾಜ್ಯದ ಸೈನಿಕರ ಮಕ್ಕಳಿಗೆ ಪ್ರತ್ಯೇಕ ಅವಕಾಶವಿದೆ; ಸೇನೆಗೆ ಸೇರುವಾಗ ಬರೆಸಿದ ಹುಟ್ಟೂರು ಕರ್ನಾಟಕದ್ದೇ ಆಗಿರಬೇಕು. ಅದನ್ನೂ ಈಗಲೇ ನೋಡಿಸಿ.

ಕನ್ನಡ ಮರೆಯುವುದು ಮಾತಿನಲ್ಲಲ್ಲ, ಒತ್ತಕ್ಷರದಲ್ಲಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಅಚ್ಚು ಹಾಕಿಸಿ ಒಯ್ದು ವಾರಕ್ಕೆರಡು ಪುಟ ಉಕ್ತಲೇಖನ ಬರೆಸಿ.

ಪ್ರಶ್ನೆ: ಮಗ, ಸೊಸೆ, ಮೊಮ್ಮಕ್ಕಳು ಹೊರಟಿದ್ದಾರೆ. ಕೊಬ್ಬರಿ, ತುಪ್ಪ, ಕಾಫಿಪುಡಿ, ಕರಿಬೇವು ಕಟ್ಟಿಕೊಡಬಹುದೇ? — ಬೇಲೂರು

ಕೊಬ್ಬರಿ ಬೇಡಮ್ಮ. ಎಣ್ಣೆ ಅಂಶ ಹೆಚ್ಚಿರುವ ಕೊಬ್ಬರಿ ಬಿಸಿಗೆ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನಯಾನದ ಅಪಾಯದ ಪಟ್ಟಿಯಲ್ಲಿದೆ. ಗಿಟುಕು ಪೆಟ್ಟಿಗೆಯಲ್ಲಿ ಕಂಡರೆ ತೆಗೆಸುತ್ತಾರೆ. ತುಪ್ಪ, ಖೋವಾದಂಥ ಹಾಲಿನ ಪದಾರ್ಥ ಬ್ರಿಟನ್ನಿಗೂ ಯುರೋಪಿಗೂ ನಡೆಯುವುದಿಲ್ಲ. ಅಮೆರಿಕಕ್ಕಾದರೆ ಕರಿಬೇವು ನಿಷಿದ್ಧ, ನಮ್ಮ ಅಕ್ಕಿಯೂ ನಿಷಿದ್ಧ. ಕರಿಬೇವಿಗೆ ಕಾರಣ ನಿಂಬೆ, ಕಿತ್ತಳೆ ಜಾತಿಯ ಗಿಡಗಳ ರೋಗ. ಅಕ್ಕಿಗೆ ಕಾರಣ ಕಾಳು ಕೊರೆಯುವ ಖಪ್ರಾ ಹುಳು. ಹುರಿದ ಕಾಫಿಪುಡಿಗೆ ತಕರಾರಿಲ್ಲ. ಕೈಚೀಲದಲ್ಲಿ ಬೇಡ, ಅಮೆರಿಕದ ವಿಮಾನದಲ್ಲಿ ಪುಡಿ 350 ಮಿಲಿಲೀಟರ್ ಮೀರಿದರೆ ಬಿಚ್ಚಿಸಿ ನೋಡುತ್ತಾರೆ. ಲಗೇಜಿನಲ್ಲಿ ಹಾಕಿ, ಜೊತೆಗೆ ಫಿಲ್ಟರೂ ಇರಲಿ. ಹಪ್ಪಳ ಧಾರಾಳವಾಗಿ ಕೊಡಿ.

ಪ್ರಶ್ನೆ: ನಮ್ಮವರು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಹೊರಟಿದ್ದಾರೆ. ನಾನೂ ಮೂರು ವರ್ಷದ ಮಗುವೂ ಹೋಗಬಹುದೇ? — ಕಡೂರು

ಇಲ್ಲ, ತುಕಡಿಯ ಜೊತೆ ಕುಟುಂಬ ಹೋಗುವಂತಿಲ್ಲ. ಇಲ್ಲೇ ಇರುವುದಾದರೆ ಎಸ್.ಎಫ್. ಕ್ವಾರ್ಟರ್ಸಿಗೆ, ಅಂದರೆ ಸೈನಿಕ ದೂರದಲ್ಲಿರುವಾಗ ಮನೆಯವರಿಗೆ ಸೇನೆ ಕೊಡುವ ಮನೆಗೆ, ಅವರು ಹೊರಡುವ ಮುಂಚೆಯೇ ಅರ್ಜಿ ಹಾಕಿಸಿ, ಕಾಯುವ ಪಟ್ಟಿ ಇರುತ್ತದೆ.

ಮುಂದೆಂದಾದರೂ ಮಗುವಿಗೆ ಸಾಮಾನ್ಯ ಪಾಸ್‌ಪೋರ್ಟ್ ಬೇಕಾದೀತು ಎನಿಸಿದರೆ ಅವರು ಊರಲ್ಲಿರುವಾಗಲೇ ಮಾಡಿಸಿಬಿಡಿ. ಮಕ್ಕಳ ಪಾಸ್‌ಪೋರ್ಟಿಗೆ ಹೆತ್ತವರು ಕೊಡುವ ಒಪ್ಪಿಗೆ ಪತ್ರವಾದ ಅನೆಕ್ಷರ್ ‘ಡಿ’ಗೆ ತಂದೆ ತಾಯಿ ಇಬ್ಬರದೂ ಸಹಿ ಬೇಕು, ಅವರು ಹೋದ ಮೇಲೆ ಆ ಒಂದು ಸಹಿಗಾಗಿ ತಿಂಗಳು ಕಾಯಬೇಕಾಗುತ್ತದೆ. ಹಾಸನದ ಪ್ರಧಾನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆಗುತ್ತದೆ. ಮಕ್ಕಳ ಶುಲ್ಕ 1000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಶೇ. 10 ಕಡಿಮೆ. ನಾಲ್ಕು ವರ್ಷದೊಳಗಿನ ಮಗುವಿನ ಫೋಟೊ ನೀವೇ ಒಯ್ಯಬೇಕು: 4.5 x 3.5 ಸೆಂಟಿಮೀಟರ್, ಬಿಳಿ ಹಿನ್ನೆಲೆ, ಕಣ್ಣು ಬಿಟ್ಟಿರಬೇಕು. ಸ್ಟುಡಿಯೋಗೆ ಮಗು ನಿದ್ದೆ ಮಾಡಿ ಎದ್ದ ಮೇಲೆ ಕರೆದುಕೊಂಡು ಹೋಗಿ. ದೃಷ್ಟಿಬೊಟ್ಟು ಅವತ್ತೊಂದು ದಿನ ಕೆನ್ನೆಗೆ ಬೇಡ, ಅಂಗಾಲಿಗಿಡಿ.