ನಮ್ಮೂರಿನ ಸ್ಪೋರ್ಟ್ಸ್ ರೇಡಿಯೋ ಶೋ ಇನ್ನು ದೇಶದ ತುಂಬಾ ಬರುತ್ತಂತೆ, ಏನು ಬದಲಾಗುತ್ತೆ?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿದ್ದೀರಿ, ದಿನಾ ಕಾರಿನಲ್ಲಿ ಕೇಳುವ ಊರಿನ ಸ್ಪೋರ್ಟ್ಸ್ ಟಾಕ್ ಶೋ ಮುಂದಿನ ತಿಂಗಳಿಂದ ಸಿಂಡಿಕೇಷನ್‌ಗೆ ಹೋಗುತ್ತಿದೆ, ಅಂದರೆ ದೇಶದ ಬೇರೆ ಊರುಗಳ ಸ್ಟೇಷನ್‌ಗಳಲ್ಲೂ ಬರುತ್ತದೆ, ಖುಷಿ ಪಡಬೇಕಾ ಬೇಜಾರು ಮಾಡಿಕೊಳ್ಳಬೇಕಾ ಅಂತ. ನಾನು ರೇಡಿಯೋದಲ್ಲಿ ಕೆಲಸ ಮಾಡಿದವನಲ್ಲ, ಸಾಫ್ಟ್‌ವೇರ್‌ನವನು. ಆದರೆ ಇದೇ ಸಂಕಟ ಮಯಾಮಿಯಲ್ಲಿ ನಾನೂ ಪಟ್ಟಿದ್ದೇನೆ, ಅದೂ ಎರಡೂ ಕಡೆಯಿಂದ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಕೇಳುತ್ತಿದ್ದದ್ದು ಡ್ಯಾನ್ ಲೆ ಬಟಾರ್ಡ್ ಶೋ. ಡ್ಯಾನ್ ಆಗ 'ಮಯಾಮಿ ಹೆರಾಲ್ಡ್' ಪತ್ರಿಕೆಯ ಅಂಕಣಕಾರ, ಕ್ಯೂಬಾ ಬಿಟ್ಟು ಬಂದ ದಂಪತಿಯ ಮಗ. ಜೊತೆಗೆ ಸ್ಟುಗಾಟ್ಸ್ ಅನ್ನೋ ಅಡ್ಡಹೆಸರಿನ ಜಾನ್ ವೈನರ್, ನ್ಯೂಯಾರ್ಕ್ ಕಡೆಯ ಮಾತು, ಗೊತ್ತಿಲ್ಲದಿದ್ದರೂ ಗೊತ್ತಿರುವ ಹಾಗೆ ಗಟ್ಟಿಯಾಗಿ ಹೇಳುವ ಜಾತಿ. 2004ರಲ್ಲಿ '790 ದಿ ಟಿಕೆಟ್' ಅನ್ನೋ ಎಎಂ ಸ್ಟೇಷನ್‌ನಲ್ಲಿ ಶುರುವಾದ ಶೋ. ನಾನು ಹಿಡಿದದ್ದು ನಾಲ್ಕೈದು ವರ್ಷ ಬಿಟ್ಟು. ಸಂಜೆ ಆಫೀಸು ಮುಗಿಸಿ ಪಾಲ್ಮೆಟೊ ಎಕ್ಸ್‌ಪ್ರೆಸ್‌ವೇಯಲ್ಲಿ ಇಂಚಿಂಚಾಗಿ ಹೋಗುವಾಗ ಅದೊಂದೇ ಆಸರೆ. ಫ್ಲೋರಿಡಾದ ಬೇಸಿಗೆ ಗೊತ್ತಲ್ಲ, ಸಂಜೆಯಾದರೆ ಗುಡುಗು. ಒಂದೊಂದು ಮಿಂಚಿಗೂ ಎಎಂ ರೇಡಿಯೋ ಚರ್ ಅನ್ನುತ್ತಿತ್ತು. ಫ್ಲೈಓವರ್ ಕೆಳಗೆ ಹೋದರೆ ಪೂರ್ತಿ ಸತ್ತು ಮತ್ತೆ ಬದುಕುತ್ತಿತ್ತು. ಜೋಕಿನ ಕೊನೆ ತಪ್ಪಿಹೋಗದಿರಲಿ ಅಂತ ಬ್ರಿಡ್ಜ್ ಬರೋ ಮುಂಚೆ ನಿಧಾನ ಮಾಡಿ ಹಿಂದಿನವನ ಹತ್ತಿರ ಹಾರ್ನ್ ತಿಂದಿದ್ದೇನೆ.

ಆ ಶೋನಲ್ಲಿ ಆಟದ ಮಾತು ಅರ್ಧ ಇರುತ್ತಿತ್ತೋ ಇಲ್ಲವೋ. ಉಳಿದದ್ದು ತಂದೆ-ಮಗನ ಜಗಳ, ಊಟ, ಹುಚ್ಚು ಪ್ರಶ್ನೆಗಳು. ಆದರೂ ಅದು ಮಯಾಮಿಯದ್ದು ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು.

ಊರಿನದ್ದು ಅನ್ನೋದು ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 'ಈ ಸಲ ಕಪ್ ನಮ್ದೇ' ಅಂತ ಬೆಂಗಳೂರಿನವರು ವರ್ಷಗಟ್ಟಲೆ ಹೇಳಿಕೊಂಡೇ ಬಂದೆವು, ಹದಿನೆಂಟನೇ ಸೀಸನ್‌ನಲ್ಲಿ, 2025ರಲ್ಲಿ, ಕೊನೆಗೂ ಬಂತು. ಆ ಸಾಲಿನಲ್ಲಿರುವ ಜೀವ ಎಲ್ಲಾ 'ನಮ್ದೇ' ಅನ್ನೋ ಒಂದು ಪದದಲ್ಲಿದೆ. ಅದೇ ಸಾಲನ್ನು ದೇಶಕ್ಕೆಲ್ಲ ಕೇಳಿಸುವ ಕಾರ್ಯಕ್ರಮದಲ್ಲಿ ಹೇಳಬೇಕಾದರೆ 'ಈ ಬಾರಿ ಆರ್‌ಸಿಬಿ ಗೆಲ್ಲುವ ಸಾಧ್ಯತೆ ಇದೆ' ಅಂತಾಗುತ್ತದೆ. ಚೆನ್ನೈನವನೂ ಕೇಳುತ್ತಿದ್ದಾನೆ, ಮುಂಬೈನವನೂ ಕೇಳುತ್ತಿದ್ದಾನೆ, 'ನಮ್ದೇ' ಅಂದರೆ ಯಾರದ್ದು? ನಿಮ್ಮ ಶೋಗೆ ಆಗಬಹುದಾದ ಮೊದಲ ನಷ್ಟ ಇದೇ. ಅಂದ ಹಾಗೆ ಆರ್‌ಸಿಬಿ ಬಗ್ಗೆ ದಿನಾ ನಾಲ್ಕು ಗಂಟೆ ಜಗಳ ಆಡುವ ರೇಡಿಯೋ ಬೆಂಗಳೂರಲ್ಲಿ ಯಾಕಿಲ್ಲ ಅಂತ ನನಗೆ ಯಾವಾಗಲೂ ಬೇಜಾರು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದೇ ನಮ್ಮ ಬೆಂಗಳೂರಲ್ಲಿ. ಆದರೆ ಖಾಸಗಿ ಎಫ್‌ಎಂಗಳು ತಮ್ಮದೇ ಸುದ್ದಿ ಓದುವಂತಿಲ್ಲ, ಸಿನಿಮಾ ಹಾಡು ಹಾಕಿಕೊಂಡು ಕೂತಿವೆ. ಇರಲಿ, ಅದು ಬೇರೆ ಕಥೆ.

ಈಗ ಸಿಂಡಿಕೇಷನ್ ಹೇಗೆ ನಡೆಯುತ್ತೆ ಅಂತ. ಮಯಾಮಿಯಲ್ಲಿ ನಮ್ಮ ಪಕ್ಕದ ಮನೆಯವರು ರೇಡಿಯೋ ಜಾಹೀರಾತು ಮಾರುವ ಕೆಲಸದಲ್ಲಿದ್ದರು, ನಾಯಿ ವಾಕಿಂಗ್ ಮಾಡಿಸುತ್ತಾ ಅವರೇ ಹೇಳಿಕೊಟ್ಟದ್ದು. ಬಹಳ ಸಲ ನೆಟ್‌ವರ್ಕ್‌ನವರು ಶೋ ಅನ್ನು ಊರೂರಿನ ಸ್ಟೇಷನ್‌ಗಳಿಗೆ ಪುಕ್ಕಟೆಯಾಗಿಯೇ ಕೊಡುತ್ತಾರೆ. ಬದಲಿಗೆ ಗಂಟೆಗೆ ಇಷ್ಟು ನಿಮಿಷದ ಜಾಹೀರಾತು ಅವರದ್ದು, ಉಳಿದ ನಿಮಿಷಗಳನ್ನು ಸ್ಟೇಷನ್‌ನವರು ತಮ್ಮೂರಲ್ಲಿ ಮಾರಿಕೊಳ್ಳಬಹುದು. ಹೊಲ ಪಾಲಿಗೆ ಕೊಟ್ಟ ಹಾಗೆ. ಬೆಳೆಯಲ್ಲಿ ನಿನಗಿಷ್ಟು, ನನಗಿಷ್ಟು. ಸಣ್ಣ ಊರಿನ ಸ್ಟೇಷನ್‌ಗೆ ಇದು ಹಬ್ಬ. ಇಬ್ಬರು ಮಾತುಗಾರರು, ಒಬ್ಬ ಪ್ರೊಡ್ಯೂಸರ್, ಫೋನ್ ಎತ್ತುವ ಒಬ್ಬ ಹುಡುಗ, ಯಾರಿಗೂ ಸಂಬಳ ಕೊಡಬೇಕಾಗಿಲ್ಲ. ಒಂದು ಕಂಪ್ಯೂಟರ್ ಸಾಕು. 1996ರಲ್ಲಿ ಅಮೆರಿಕದಲ್ಲಿ ದೂರಸಂಪರ್ಕ ಕಾನೂನು ಬದಲಾಗಿ ಒಂದು ಕಂಪನಿ ದೇಶದಲ್ಲಿ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು ಅಂತಾಯಿತು. ಅಲ್ಲಿಂದ ಮುಂದೆ ಈ ಲೆಕ್ಕಾಚಾರ ಇನ್ನೂ ಜಾಸ್ತಿ ಆಯಿತು. ಕ್ಲಿಯರ್ ಚಾನೆಲ್ ಒಂದೇ ಸಾವಿರಕ್ಕೂ ಹೆಚ್ಚು ಸ್ಟೇಷನ್ ಕೊಂಡಿತು.

ಇದರಿಂದ ಕೇಳುಗನಿಗೆ ಏನಾಗುತ್ತೆ ಅಂದರೆ, ಗಡಿಯಾರ ಯಜಮಾನ ಆಗುತ್ತದೆ. ಊರಿನ ಶೋನಲ್ಲಿ ಮಾತು ರಂಗೇರಿದರೆ ಜಾಹೀರಾತು ಐದು ನಿಮಿಷ ಕಾಯುತ್ತದೆ. ಅಂಗಡಿಯವನು ಹೇಗೂ ಪರಿಚಯದವನೇ. ದೇಶದ ಶೋನಲ್ಲಿ ಬ್ರೇಕ್ ಇಂಥ ನಿಮಿಷ ಇಂಥ ಸೆಕೆಂಡಿಗೆ ಅಂದರೆ ಅಷ್ಟಕ್ಕೇ. ಆ ಕ್ಷಣಕ್ಕೆ ಎಲ್ಲಾ ಊರಿನ ಕಂಪ್ಯೂಟರ್‌ಗಳು ತಮ್ಮ ತಮ್ಮ ಜಾಹೀರಾತು ಎತ್ತಿಕೊಳ್ಳುತ್ತವೆ, ನೀನು ಮಾತು ಮುಗಿಸಿದೆಯೋ ಇಲ್ಲವೋ ಅವಕ್ಕೆ ಸಂಬಂಧವಿಲ್ಲ. ಇನ್ನೊಂದು ಮಜಾ, 'ಈಗ ಐದೂ ಇಪ್ಪತ್ತು' ಅಂತ ಹೇಳುವ ಹಾಗಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಎರಡೂ ಇಪ್ಪತ್ತು. ಅದಕ್ಕೆ 'ಗಂಟೆ ಕಳೆದು ಇಪ್ಪತ್ತು ನಿಮಿಷ' ಅನ್ನುತ್ತಾರೆ. ಯಾವ ಗಂಟೆ ಅಂತ ನೀವೇ ತುಂಬಿಕೊಳ್ಳಬೇಕು. ಮಳೆ, ಟ್ರಾಫಿಕ್ ಎಲ್ಲಾ ಬಂದ್.

ನಮ್ಮ ಶೋ 2013ರ ಸೆಪ್ಟೆಂಬರ್ ಕೊನೆಗೆ ಇಎಸ್‌ಪಿಎನ್ ರೇಡಿಯೋ ಮೂಲಕ ದೇಶಕ್ಕೆ ಹೋಯಿತು. ಸ್ಟುಡಿಯೋ ಮಯಾಮಿಯಲ್ಲೇ ಉಳಿಯಿತು. ಲೆಬ್ರಾನ್ ಜೇಮ್ಸ್ ನಮ್ಮ ಬಾಸ್ಕೆಟ್‌ಬಾಲ್ ತಂಡ ಮಯಾಮಿ ಹೀಟ್‌ನಲ್ಲಿದ್ದ ಕಾಲ, 2012 ಮತ್ತು 2013 ಎರಡೂ ವರ್ಷ ಕಪ್ ನಮ್ದೇ, ಇಡೀ ದೇಶದ ಕಣ್ಣು ನಮ್ಮೂರ ಮೇಲೆ. ಮೊದಲ ವಾರಗಳಲ್ಲಿ ನನಗೆ ಸಿಟ್ಟೇ ಬಂದಿತ್ತು. ಮನೆಗೆ ಯಾರೋ ದೊಡ್ಡ ನೆಂಟರು ಬಂದಾಗ ಅಪ್ಪ ಬೇರೆ ದನಿಯಲ್ಲಿ ಮಾತಾಡುತ್ತಾರಲ್ಲ, ಹಾಗೆ ಕೇಳುತ್ತಿತ್ತು. ನಮಗೆ ಗೊತ್ತಿರುವ ಪಾತ್ರಗಳನ್ನು ಹೊಸಬರಿಗೆ ಮತ್ತೆ ಪರಿಚಯ ಮಾಡಿಸೋದು. ಮಾರ್ಲಿನ್ಸ್ ಬೇಸ್‌ಬಾಲ್ ತಂಡದ ವಿಷಯ ತಗೊಳ್ಳಿ. ಬಹುಪಾಲು ಜನರ ತೆರಿಗೆ ದುಡ್ಡಲ್ಲಿ ಹೊಸ ಸ್ಟೇಡಿಯಂ ಕಟ್ಟಿಸಿಕೊಂಡು, 2012ರಲ್ಲಿ ಬಾಗಿಲು ತೆಗೆದು, ಅದೇ ವರ್ಷ ನವೆಂಬರ್‌ನಲ್ಲಿ ಒಳ್ಳೊಳ್ಳೆ ಆಟಗಾರರನ್ನು ಟೊರಾಂಟೊಗೆ ಸಾಗಿಹಾಕಿದರು. ಊರಿನವರು ಇದರ ಬಗ್ಗೆ ವರ್ಷಗಟ್ಟಲೆ ಉರಿದುಕೊಂಡರು. ಒರೆಗಾನ್‌ನಲ್ಲಿ ಕಾರು ಓಡಿಸುತ್ತಿರುವವನಿಗೆ ಅದು ಐದು ನಿಮಿಷದ ಸುದ್ದಿ.

ಆಮೇಲೆ ಆಟ ತಿರುಗಿತು. 2014ರಲ್ಲಿ ನಾನು ಕೆಲಸ ಬದಲಾಯಿಸಿ ಒಹಾಯೋದ ಕೊಲಂಬಸ್‌ಗೆ ಬಂದೆ. ಮಾರ್ಚ್ ತಿಂಗಳು, ಇನ್ನೂ ಹಿಮ, ಒಬ್ಬರೂ ಪರಿಚಯವಿಲ್ಲ. ಬಾಡಿಗೆ ಕಾರಿನ ರೇಡಿಯೋ ತಿರುಗಿಸುತ್ತಾ ಇದ್ದರೆ ಸ್ಟುಗಾಟ್ಸ್ ಧ್ವನಿ! ಪಾರ್ಕಿಂಗ್‌ನಲ್ಲೇ ಕೂತು ಇಪ್ಪತ್ತು ನಿಮಿಷ ಕೇಳಿದೆ, ಹೀಟರ್ ಹಾಕಿಕೊಂಡು. ಸಿಂಡಿಕೇಷನ್‌ಗೆ ಬೈದ ಬಾಯಿಂದಲೇ ಅವತ್ತು ಕೈಮುಗಿದೆ. ಆದರೆ ಇಲ್ಲಿಯ ಸ್ಟೇಷನ್‌ನವರ ಕಂಪ್ಯೂಟರ್‌ಗೆ ಏನೋ ರೋಗ. ಸ್ಟುಗಾಟ್ಸ್ ಏನೋ ಬೊಗಳೆ ಬಿಟ್ಟು ಸಿಕ್ಕಿಬಿದ್ದಿರುತ್ತಾನೆ, ಡ್ಯಾನ್ ನಗು ತಡೆದುಕೊಂಡು 'ಹಾಗಾದರೆ ಹೇಳು' ಅನ್ನುತ್ತಾನೆ, ಉತ್ತರ ಬರೋ ಮುಂಚೆ ಹಾಸಿಗೆ ಅಂಗಡಿಯ ಜಾಹೀರಾತು. ವಾಪಸ್ ಬಂದಾಗ ಎಲ್ಲರೂ ನಗುತ್ತಿರುತ್ತಾರೆ, ಯಾಕೆ ಅಂತ ನನಗೆ ಗೊತ್ತಿಲ್ಲ. ಇನ್ನು ಇಲ್ಲಿಯ ಕಾಲೇಜು ಫುಟ್‌ಬಾಲ್‌ನದ್ದು ಏನಾದರೂ ಇದ್ದರೆ ಅವತ್ತು ಶೋ ಇಲ್ಲವೇ ಇಲ್ಲ. ಊರಿನ ತಂಡ ಬಂತು ಅಂದರೆ ಹೊರಗಿನ ಶೋ ಅಂಗಳಕ್ಕೆ.

ಅದೇ ಜುಲೈನಲ್ಲಿ ಲೆಬ್ರಾನ್ ಮಯಾಮಿ ಬಿಟ್ಟು ಕ್ಲೀವ್‌ಲ್ಯಾಂಡ್‌ಗೆ ವಾಪಸಾದ. ಅವನ ಹುಟ್ಟೂರು ಆಕ್ರನ್, ನಾನಿರುವ ಕಡೆಯಿಂದ ಎರಡು ಗಂಟೆ ದಾರಿ. ಅಲ್ಲಿ ಒಂದು ದಿನ ಬಿಲ್‌ಬೋರ್ಡ್ ಎದ್ದಿತು: 'ಪರವಾಗಿಲ್ಲ ಬಿಡು ಲೆಬ್ರಾನ್, ಪ್ರೀತಿಯಿಂದ, ಮಯಾಮಿ' ಅನ್ನೋ ಅರ್ಥದ್ದು. ಅವನು ಥ್ಯಾಂಕ್ಸ್ ಹೇಳಲಿಲ್ಲ, ಆದರೂ ನಾವು 'ಯು ಆರ್ ವೆಲ್ಕಮ್' ಅಂದೆವು ಅನ್ನೋ ಕುಟುಕು. ಹಾಕಿಸಿದ್ದು ಡ್ಯಾನ್. ಅಪ್ಪಟ ಊರ ಜೋಕು, ಹಳೆ 790ನಲ್ಲಿ ಆಗಿದ್ದರೆ ನಕ್ಕು ಮರೆಯುತ್ತಿದ್ದರು. ಈಗ ಇಎಸ್‌ಪಿಎನ್ ಅವನನ್ನು ಎರಡು ದಿನ ಸಸ್ಪೆಂಡ್ ಮಾಡಿತು. ನಮ್ಮ ಆಫೀಸಲ್ಲಿ ಆಕ್ರನ್ ಹುಡುಗ ಒಬ್ಬ ಇದ್ದ, ಎದುರು ಡೆಸ್ಕ್. 'ನಿಮ್ಮೂರವನಿಗೆ ತಲೆ ಸರಿ ಇದೆಯಾ?' ಅಂತ ನನ್ನನ್ನು ಕೇಳಿದ. ದಾವಣಗೆರೆಯವನಾದ ನಾನು ಮಯಾಮಿ ಪರವಾಗಿ ಅರ್ಧ ಗಂಟೆ ವಾದ ಮಾಡಿದೆ.

ಇಷ್ಟೆಲ್ಲಾ ಹೇಳಿ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಈಗ ಬರುತ್ತದೆ. ಡ್ಯಾನ್ ತಂಡದವರು ದೇಶದ ಶೋಗೆ ಮುಂಚೆ ಒಂದು ಗಂಟೆ ಬರೀ ಮಯಾಮಿಗೆ ಅಂತ ಇಟ್ಟುಕೊಂಡರು. ಹೆಸರೇ 'ಲೋಕಲ್ ಅವರ್'. ಡಾಲ್ಫಿನ್ಸ್ ಫುಟ್‌ಬಾಲ್ ತಂಡದ ಗೋಳು, ಹೀಟ್ ಗೋಳು, ಊರ ಗೋಳು. ಅದು ಪಾಡ್‌ಕಾಸ್ಟ್ ಆಗಿಯೂ ಬರುತ್ತಿತ್ತು. ಮಜಾ ಏನು ಗೊತ್ತಾ, ಮಯಾಮಿ ಮುಖ ನೋಡದವರೂ ಅದನ್ನೇ ಹುಡುಕಿ ಕೇಳಿದರು. ಜನರಿಗೆ ಬೇಕಾಗಿದ್ದದ್ದು ತಮ್ಮ ಊರಿನ ಸುದ್ದಿಯಲ್ಲ, ಯಾವುದೋ ಒಂದು ನಿಜವಾದ ಊರು. ಎಲ್ಲರಿಗೂ ಹಿಡಿಸಲಿ ಅಂತ ಉಪ್ಪು ಖಾರ ಕಡಿಮೆ ಮಾಡಿದ ಸಾರು ಯಾರಿಗೆ ಬೇಕು? ಅರ್ಥ ಆಗಲಿಲ್ಲ ಅಂತ ದೂರಿದವರಿಗೆ 'ನಿಮಗೆ ಈ ಶೋ ತಿಳಿಯಲ್ಲ ಬಿಡಿ' ಅನ್ನೋದೇ ಅಭಿಮಾನಿಗಳ ಘೋಷಣೆ ಆಗಿಹೋಯಿತು.

ಬೇರೆ ದಾರಿಗಳೂ ಇವೆ. ಜಿಮ್ ರೋಮ್ ಸ್ಯಾನ್ ಡಿಯಾಗೊದಿಂದ ಹೊರಟವನು, 1996ರಲ್ಲಿ ದೇಶಕ್ಕೆ ಹೋದ. ಅವನು ಊರನ್ನು ಹೊತ್ತುಕೊಂಡು ಹೋಗಲಿಲ್ಲ, ತನ್ನದೇ ಒಂದು ಊರು ಕಟ್ಟಿದ, 'ಜಂಗಲ್' ಅಂತ ಹೆಸರಿಟ್ಟು. ಅದಕ್ಕೆ ಅದರದ್ದೇ ಭಾಷೆ, ಕಾಲ್ ಮಾಡುವವರಲ್ಲಿ ಯಾರು ಚೆನ್ನಾಗಿ ಬೈತಾರೆ ಅಂತ ವರ್ಷಕ್ಕೊಂದು ಸ್ಪರ್ಧೆ. ಫೋನ್ ಯಾವ ಊರಿಂದ ಬಂದರೂ ಅವನು ಆ ಜಂಗಲ್‌ನವನೇ. ನನಗೆ ಆ ಶೋ ಅಷ್ಟಾಗಿ ಹಿಡಿಸಲಿಲ್ಲ, ಆದರೆ ಉಪಾಯ ಮೆಚ್ಚಬೇಕು. ಅಲಬಾಮದ ಪಾಲ್ ಫೈನ್‌ಬಾಮ್ ಇನ್ನೊಂದು ಥರ. 2011ರಲ್ಲಿ ಒಬ್ಬ ಕೇಳುಗ ಇವನ ಶೋಗೆ ಫೋನ್ ಮಾಡಿ, ಆಬರ್ನ್ ಊರಿನ ಹಳೇ ಓಕ್ ಮರಗಳಿಗೆ ತಾನೇ ವಿಷ ಹಾಕಿದೆ ಅಂತ ಹೇಳಿಕೊಂಡ. ಅವನು ಅಲಬಾಮ ತಂಡದ ಅಭಿಮಾನಿ, ಅವು ಎದುರಾಳಿ ಆಬರ್ನ್ ಕಾಲೇಜು ತಂಡ ಗೆದ್ದಾಗ ಜನ ಸೇರಿ ಸಂಭ್ರಮ ಪಡುತ್ತಿದ್ದ ಮರಗಳು. ವಿಷ ನಿಜವೇ ಆಗಿತ್ತು, ಮರಗಳು ಉಳಿಯಲಿಲ್ಲ. ಅಂಥ ಹುಚ್ಚು ಇರುವ ಶೋ 2014ರಲ್ಲಿ ಆ ಭಾಗದ ಕಾಲೇಜು ಆಟಗಳ ಎಸ್‌ಇಸಿ ನೆಟ್‌ವರ್ಕ್ ಟಿವಿಗೆ ಹೋದಾಗ ಆ ಕಾಲರ್‌ಗಳನ್ನೂ ಕರೆದುಕೊಂಡೇ ಹೋಯಿತು. ಅವರೇ ಬಂಡವಾಳ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಮೊದಲ ಎರಡು ತಿಂಗಳು ಬೇಜಾರು ಗ್ಯಾರಂಟಿ, ತಡೆದುಕೊಳ್ಳಿ. ಆಮೇಲೆ ಎರಡು ವಿಷಯ ಗಮನಿಸಿ. ಊರಿಗೆ ಅಂತ ಒಂದು ಗಂಟೆಯಾದರೂ ಉಳಿಸಿಕೊಂಡರಾ? ಊರಿನ ತಂಡದ ಬಗ್ಗೆ ಮಾತಾಡುವಾಗ ಇನ್ನೂ 'ನಾವು' ಅನ್ನುತ್ತಾರಾ? ಎರಡಕ್ಕೂ ಇಲ್ಲ ಅಂತಾದರೆ ಸುಮ್ನೆ ಬೇರೆ ಶೋ ಹುಡುಕಿಕೊಳ್ಳಿ. ಇನ್ನೊಂದು, ಕಾರಿನ ರೇಡಿಯೋದಲ್ಲಿ ಕೇಳೋದು ಬಿಟ್ಟು ಪಾಡ್‌ಕಾಸ್ಟ್‌ನಲ್ಲಿ ಕೇಳಿ. ಹಾಸಿಗೆ ಅಂಗಡಿ ಕಾಟ ತಪ್ಪುತ್ತದೆ.

ದೊಡ್ಡ ಮನೆಗೆ ಹೋದವರು ಅಲ್ಲೇ ಇರುತ್ತಾರೆ ಅಂತಲೂ ಇಲ್ಲ. 2020ರಲ್ಲಿ ನೆಟ್‌ವರ್ಕ್ ಶೋನ ಸಮಯ ಕಡಿಮೆ ಮಾಡಿತು, ಒಬ್ಬ ಪ್ರೊಡ್ಯೂಸರ್‌ನನ್ನು ಕೆಲಸದಿಂದ ತೆಗೆಯಿತು. ಡ್ಯಾನ್ ಅವನನ್ನು ತನ್ನ ಕೈಯಿಂದ ಸಂಬಳ ಕೊಟ್ಟು ಇಟ್ಟುಕೊಂಡ. 2021ರ ಜನವರಿ 4ಕ್ಕೆ ಅಲ್ಲಿನ ಕೊನೆ ಶೋ ಮುಗಿಸಿ, ಇಎಸ್‌ಪಿಎನ್‌ನ ಮಾಜಿ ಅಧ್ಯಕ್ಷ ಜಾನ್ ಸ್ಕಿಪ್ಪರ್ ಜೊತೆ ಸೇರಿ ಮೆಡೋಲಾರ್ಕ್ ಅಂತ ಸ್ವಂತ ಕಂಪನಿ ಮಾಡಿದ. ಹೊರಗೆ ಬಂದ ಮೇಲೂ 'ಲೋಕಲ್ ಅವರ್' ಅನ್ನೋ ಹೆಸರು ಬಿಡಲಿಲ್ಲ. ಈಗ ಅದಕ್ಕೆ ಊರಿನ ಸ್ಟೇಷನ್ನೂ ಬೇಕಾಗಿಲ್ಲ, ಫೋನಿನಲ್ಲೇ ಬರುತ್ತೆ, ಆದರೂ ಲೋಕಲ್ಲೇ.

ಆ ಆಕ್ರನ್ ಹುಡುಗ ಈಗಲೂ ನಮ್ಮ ಟೀಮಿನಲ್ಲೇ ಇದ್ದಾನೆ. ಒಂದು ಸೋಮವಾರ ಕಾಫಿ ಮೆಷಿನ್ ಹತ್ತಿರ ಸಿಕ್ಕಿ, ಡಾಲ್ಫಿನ್ಸ್‌ನ ಎರಡನೇ ಕ್ವಾರ್ಟರ್‌ಬ್ಯಾಕ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ. ನನಗೆ ಆ ಆಟಗಾರನ ಹೆಸರೇ ಗೊತ್ತಿರಲಿಲ್ಲ. 'ಇವತ್ತಿನ ಲೋಕಲ್ ಅವರ್ ಕೇಳಿಲ್ವಾ?' ಅಂತ ನನಗೇ ಬೈದ.