ಏಣಿಯ ಉಪಮೆಯನ್ನು ಬಿಡಿ

ಮಾನ್ಯರೇ,

ಬದಿಯಡ್ಕದಿಂದ ನೀವು ಕಳುಹಿಸಿದ ‘ಡಿಎನ್‌ಎ ಎಂಬ ಏಣಿ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ನಿಮ್ಮ ಭಾಷೆ ಚೊಕ್ಕವಾಗಿದೆ; ತಪ್ಪು ಹುಟ್ಟಿರುವುದು ಉಪಮೆಯಲ್ಲಿ.

ಕಾಳುಮೆಣಸು ಕೊಯ್ಯುವ ಏಣಿಗೆ ಡಿಎನ್‌ಎಯನ್ನು ಹೋಲಿಸಿದ್ದೀರಿ. ಡಿಎನ್‌ಎ ಸುರುಳಿಯ ಎರಡು ಎಳೆಗಳಲ್ಲಿ ಎದುರುಬದುರಾಗಿ ಕೂಡುವ ಎ, ಟಿ, ಜಿ, ಸಿ ಎಂಬ ಘಟಕಗಳ (ಇವೇ ಪ್ರತ್ಯಾಮ್ಲಗಳು) ಪೈಕಿ ಎ–ಟಿ ಜೋಡಿಗೆ ಎರಡು ಹೈಡ್ರೋಜನ್ ಬಂಧ (ಒಂದು ಬಗೆಯ ದುರ್ಬಲ ಸೆಳೆತ), ಜಿ–ಸಿ ಜೋಡಿಗೆ ಮೂರು, ಆದ್ದರಿಂದ ಬಂಧಗಳನ್ನು ಎಣಿಸಿದರೆ ಸುರುಳಿ ಎಷ್ಟು ಗಟ್ಟಿಯೆಂಬುದು ತಿಳಿಯುತ್ತದೆ ಎಂದಿದ್ದೀರಿ. ಏಣಿಯ ಮೆಟ್ಟಿಲುಗಳು ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ಡಿಎನ್‌ಎಯ ಚಪ್ಪಟೆ ಪ್ರತ್ಯಾಮ್ಲ ಜೋಡಿಗಳು ಸುಮಾರು 0.34 ನ್ಯಾನೊಮೀಟರ್ ಅಂತರದಲ್ಲಿ, ನಡುವೆ ನೀರಿನ ಅಣುವೂ ನುಸುಳದಂತೆ, ಒಂದರ ಮೇಲೊಂದು ಪೇರಿಕೊಂಡಿರುತ್ತವೆ. ಸುರುಳಿಯನ್ನು ಹಿಡಿದಿಡುವುದರಲ್ಲಿ ಈ ಪೇರಿಕೆಯದೇ ದೊಡ್ಡ ಪಾಲು. ಎಳೆಗಳು ಬೇರ್ಪಟ್ಟಾಗ ಪ್ರತ್ಯಾಮ್ಲಗಳು ನೀರಿನೊಡನೆ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತವೆಯಾದ್ದರಿಂದ, ಜೋಡಿಯೊಳಗಿನ ಬಂಧಗಳಿಂದಾಗುವ ನಿವ್ವಳ ಲಾಭ ಅಲ್ಪ. ಯಾವುದು ಯಾವುದಕ್ಕೆ ಜೋಡಿ ಎಂಬುದನ್ನು ಗೊತ್ತುಮಾಡುವುದೇ ಅವುಗಳ ಮುಖ್ಯ ಕೆಲಸ.

ನಿಮ್ಮ ಎಣಿಕೆಯನ್ನು ಪರೀಕ್ಷಿಸಲು ಒಂದೇ ಉದಾಹರಣೆ ಸಾಕು. ಎಳೆಯೊಂದನ್ನು 5′ ತುದಿಯಿಂದ (ಓದಲು ಶುರುಮಾಡುವ ತುದಿಗೆ ಈ ಹೆಸರು) ಓದುವಾಗ ಎ ನಂತರ ಟಿ ಬಂದರೂ, ಟಿ ನಂತರ ಎ ಬಂದರೂ ಎರಡು ಜೋಡಿಗಳ ಹೈಡ್ರೋಜನ್ ಬಂಧಗಳು ಒಟ್ಟು ನಾಲ್ಕೇ. ಆದರೂ ರಸಾಯನ ವಿಜ್ಞಾನಿ ಜಾನ್ ಸಾಂಟಾಲೂಸಿಯಾ 1998ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಪಟ್ಟಿಯಂತೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲನೆಯದರ ಮುಕ್ತ ಶಕ್ತಿ (ಇದು ಹೆಚ್ಚು ಋಣವಾದಷ್ಟೂ ಸುರುಳಿ ಗಟ್ಟಿ) ಪ್ರತಿ ಮೋಲಿಗೆ −0.88 ಕಿಲೊಕ್ಯಾಲರಿ, ಎರಡನೆಯದರದು −0.58. ಈ ವ್ಯತ್ಯಾಸಕ್ಕೆ ನಿಮ್ಮ ಏಣಿಯಲ್ಲಿ ಎಡೆಯೇ ಇಲ್ಲ.

ತಪ್ಪುಜೋಡಿ (ಎ–ಟಿ, ಜಿ–ಸಿ ಅಲ್ಲದ ಜೋಡಿ) ಒಂದಿದ್ದರೂ ಸುರುಳಿ ಕುಸಿಯುತ್ತದೆ ಎಂಬ ನಿಮ್ಮ ವಾಕ್ಯವನ್ನೂ ತಿದ್ದಬೇಕು. ಜಿ–ಟಿ ತಪ್ಪುಜೋಡಿ ಸ್ವಲ್ಪ ಜರುಗಿ ಕುಳಿತು ಹೊಂದಿಕೊಳ್ಳುತ್ತದೆ. ಸಿ–ಸಿ ಮತ್ತು ಎ–ಸಿ ಬಹಳ ದುರ್ಬಲ. ನೆರೆಯ ಜೋಡಿಗಳು ಯಾವುವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಉಪಮೆ ಬೇಕೇ ಬೇಕೆಂದಿದ್ದರೆ ನಿಮ್ಮೂರಿನ ಅಡಿಕೆ ಹಾಳೆಯ ತಟ್ಟೆಗಳನ್ನು ನೋಡಿ. ಅಟ್ಟಿಯ ನಡುವೆ ಸೊಟ್ಟಗಾದ ತಟ್ಟೆಯೊಂದು ಸೇರಿದರೆ ಅದರ ಮೇಲಿನದೂ ಕೆಳಗಿನದೂ ಸರಿಯಾಗಿ ಕೂರುವುದಿಲ್ಲ. ಅದೇ ತಟ್ಟೆ ತುದಿಯಲ್ಲಿದ್ದರೆ ಕೆಡುವುದು ಒಂದೇ ಬದಿ. ಗಿಡ್ಡ ಡಿಎನ್‌ಎ ತುಣುಕಿನಲ್ಲಿ ನಡುವಿನ ತಪ್ಪುಜೋಡಿ ತುದಿಯದಕ್ಕಿಂತ ಹೆಚ್ಚು ಹಾನಿ ಮಾಡುವುದಕ್ಕೆ ಇದೂ ಒಂದು ಕಾರಣ. ತಟ್ಟೆಗಳೆಲ್ಲ ಒಂದೇ ಅಚ್ಚಿನವು, ಪ್ರತ್ಯಾಮ್ಲಗಳು ಹಾಗಲ್ಲ ಎಂಬುದನ್ನು ಮಾತ್ರ ಅಲ್ಲಿಯೇ ಹೇಳಿಬಿಡಿ.

ಕೊನೆಯ ಪುಟದಲ್ಲಿ ಪ್ರತ್ಯಾಮ್ಲ ಜೋಡಿಗಳಿಂದ ದಾಂಪತ್ಯದ ಹೊಂದಾಣಿಕೆಗೆ ಹಾರಿದ್ದೀರಿ. ಆ ಪುಟವನ್ನು ಪೂರ್ತಿ ತೆಗೆದು, ಉಳಿದುದನ್ನು ತಿದ್ದಿ ಮತ್ತೊಮ್ಮೆ ಕಳುಹಿಸಿ.

ಇತಿ,
ಸಂಪಾದಕ